ಹಸಿರು ಬಂದಾಗ ಒತ್ತಿ

ನಮ್ಮ ಮಧ್ಯಾಹ್ನದ ಬ್ಯಾಚಿನಲ್ಲಿ ಏನೂ ನಡೆಯದ ವಾರ ಎಂಬುದೇ ಇಲ್ಲ. ಬೆಳಗಿನ ಬ್ಯಾಚಿನವರು ಕಾಲೇಜು ಹುಡುಗರು. ಬರುತ್ತಾರೆ, ಕಲಿಯುತ್ತಾರೆ, ಹೋಗುತ್ತಾರೆ. ಮನೆಗೆ ಹೋಗಿ ಹೇಳಿಕೊಂಡು ನಗುವಂಥ ಒಂದು ಸಂಗತಿಯೂ ಅವರಿಂದ ನನಗೆ ಸಿಕ್ಕಿಲ್ಲ. ಮಧ್ಯಾಹ್ನ ಮೂರಕ್ಕೆ ಬರುವವರು ಹಾಗಲ್ಲ. ಅವರು ಕಂಪ್ಯೂಟರಿಗೇ ಏನಾದರೂ ಕಲಿಸಿ ಹೋಗುತ್ತಾರೆ.

ಹೆಬ್ಬಗೋಡಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದೆ ನಮ್ಮ ಕಂಪ್ಯೂಟರ್ ಸೆಂಟರು. ನಾಲ್ಕು ಕಂಪ್ಯೂಟರು, ಕಿರುಗುಟ್ಟುವ ಒಂದು ಫ್ಯಾನು, ಗೋಡೆಯಷ್ಟು ದೊಡ್ಡ ಒಂದು ಕಿಟಕಿ. ಮೂರರ ಹೊತ್ತಿಗೆ ಕೆಳಗಿನ ಭಟ್ಟಿಯಿಂದ ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಕಿಟಕಿಯಾಚೆ ದೂರದಲ್ಲಿ ಮೆಟ್ರೋ ಹಳಿ. ರೈಲು ಬರಲಿ ಎಂದು ಕಾಯುತ್ತ ಕೂತರೆ ಬರುವುದಿಲ್ಲ. ಬೇರೆ ಏನೋ ಯೋಚಿಸುತ್ತಿದ್ದಾಗ ಸದ್ದಿಲ್ಲದೆ ಜಾರಿ ಹೋಗಿರುತ್ತದೆ. ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಸರಿಯುತ್ತದೆ. ಅಂಥ ಕಡೆ ಪಾಠ ಮಾಡುವುದಕ್ಕಿಂತ ಕನಸು ಕಾಣುವುದು ಸುಲಭ. ನಾನೋ ಮೊದಲೇ ಕನಸಿನವಳು. ನಮ್ಮ ಮನೆಯಲ್ಲಿ ಹಾಲು ಉಕ್ಕಿ ಹೋಗುವುದು ನಾನು ಒಲೆಯ ಮುಂದೆ ನಿಂತಿದ್ದಾಗಲೇ.

ಆ ಬ್ಯಾಚಿನಲ್ಲಿ ಮೂವರಿದ್ದರು. ಒಬ್ಬರು ಕಟ್ಟಡದ ಓನರ್. ಅರವತ್ತು ದಾಟಿದವರು, ಈ ಊರು ಊರಾಗಿದ್ದಾಗಿನಿಂದ ಇಲ್ಲೇ ಇರುವವರು. ತಮ್ಮ ಕಟ್ಟಡದೊಳಗೆ ಬಾಗಿಲು ಹಾಕಿಕೊಂಡು ನಾವು ಏನು ಮಾಡುತ್ತೇವೆ ಎಂದು ನೋಡಲು ಒಂದು ದಿನ ಬಂದವರು ಅಲ್ಲೇ ಕೂತುಬಿಟ್ಟರು. ಇನ್ನೊಬ್ಬ ಡ್ರೈವರ್. ಹೂಡಿಯ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಂಪನಿಯವರನ್ನು ಕರೆತರುವ ಗಾಡಿ ಅವನದು. "ಎಂಟು ವರ್ಷದಿಂದ ಹಿಂದಿನ ಸೀಟಲ್ಲಿ ಮಾತಾಡ್ತಾನೇ ಇದಾರೆ ಮೇಡಂ. ಏನು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ. ಒಂದ್ಸಲ ತಿಳ್ಕೊಂಡ್ಬಿಡ್ತೀನಿ," ಅಂತ ಸೇರಿದ.

ಮೂರನೆಯವರು ಅಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಹಾಗಾಗಿ ಎಲ್ಲರಿಗೂ ಅಕ್ಕ. ಅವರು ಒಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ಪ್ರೆಸ್ ಅಂದರೆ ತಗಡನ್ನು ಒಂದೇ ಏಟಿಗೆ ಬೇಕಾದ ಆಕಾರಕ್ಕೆ ಕತ್ತರಿಸುವ, ಆಳೆತ್ತರದ ಯಂತ್ರ. ಅದರ ಮುಂದೆ ಹತ್ತೊಂಬತ್ತು ವರ್ಷ ನಿಂತು ಅವರ ಮೊಣಕಾಲು ಸೋತಿತ್ತು. ಅದೇ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ, ಕೂತು ಮಾಡುವಂಥ ಒಂದು ಜಾಗ ಖಾಲಿಯಾಗಿತ್ತು. ಬೇಕಾದವರು ಕಂಪ್ಯೂಟರಿನಲ್ಲಿ ಪರೀಕ್ಷೆ ಕೊಡಬೇಕು. ಪರದೆಯ ಮೇಲೆ ಪ್ರೆಸ್ಸಿನಿಂದ ಬಂದ ಪೀಸುಗಳ ಚಿತ್ರಗಳು ಒಂದೊಂದಾಗಿ ಬರುತ್ತವೆ. ಕೆಟ್ಟ ಪೀಸು ಕಂಡ ಕೂಡಲೇ ಒಂದು ಕೀ ಒತ್ತಬೇಕು. ಎಷ್ಟು ಬೇಗ ಒತ್ತಿದರು ಅಂತ ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ಇರುವುದು ಒಂದು ಕುರ್ಚಿ, ಕೇಳಿದವರು ಮೂವರು. ಉಳಿದಿಬ್ಬರೂ ಮೊಬೈಲಿನಲ್ಲಿ ಆಟ ಆಡಿ ಬೆಳೆದ ಹುಡುಗರು. ಅಕ್ಕ ಕೀಬೋರ್ಡನ್ನು ಮುಟ್ಟಿದವರೇ ಅಲ್ಲ.

"ಕೂತ್ಕೊಂಡು ಕೆಲಸ ಮಾಡೋದು ಹೆಂಗಿರುತ್ತೆ ಅಂತ ಒಂದ್ಸಲ ನೋಡ್ಬೇಕು ಮೇಡಂ," ಅಂದರು. ಪರೀಕ್ಷೆಗೆ ಇನ್ನೂ ಆರು ವಾರ ಇತ್ತು.

ಮೇಡಂ ಎಲ್ಲಿಗೆ ಹೋಗಿದ್ದರು

ಹೊಸಬರಿಗೆ ನಾನು ಮೊದಲ ಪಾಠವಾಗಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆಸುತ್ತಿದ್ದೆ. ಅದನ್ನು ನೋಡಿ ಓನರ್ ಕೇಳಿದ್ದರು: "ಎಲ್ಡೂ ಎಲ್ಡೂ ನಾಕು ಅನ್ನಕ್ಕೆ ಇಷ್ಟೊಂದು ಕರೆಂಟ್ ಯಾಕೆ ಮೇಡಮ್ಮೋರೇ?" ಅವರ ಮಾತೂ ಸರಿಯೇ ಅನ್ನಿಸಿತು. ಅಕ್ಕನ ಪರೀಕ್ಷೆಯ ವಿಷಯ ಕೇಳಿದ ಮೇಲಂತೂ ಕೂಡುವುದನ್ನು ಬಿಟ್ಟು, ಎಲ್ಲರಿಂದಲೂ ಒಂದು ಹೊಸ ಪ್ರೋಗ್ರಾಂ ಬರೆಸಿದೆ.

ಹೆಚ್ಚೆಂದರೆ ಹದಿನೈದು ಸಾಲು. ಮೊದಲು ಪರದೆ ಕಪ್ಪಾಗುತ್ತದೆ. ಸ್ವಲ್ಪ ಹೊತ್ತು ಕಾಯಬೇಕು. ಇದ್ದಕ್ಕಿದ್ದಂತೆ ಪರದೆಯೆಲ್ಲ ಹಸಿರಾಗುತ್ತದೆ. ಕೂಡಲೇ ಯಾವುದಾದರೊಂದು ಕೀ ಒತ್ತಬೇಕು. ಹಸಿರಾದದ್ದಕ್ಕೂ ಒತ್ತಿದ್ದಕ್ಕೂ ನಡುವೆ ಎಷ್ಟು ಮಿಲಿಸೆಕೆಂಡು ಆಯಿತು ಅಂತ ಸಂಖ್ಯೆ ಬರುತ್ತದೆ. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಅದರಲ್ಲೊಂದು ಚೂರು ಒಂದು ಮಿಲಿಸೆಕೆಂಡು. ಚುರುಕಿರುವವರು ಮುನ್ನೂರರ ಆಸುಪಾಸಿನಲ್ಲಿ ಒತ್ತಿಬಿಡುತ್ತಾರೆ. ಹೀಗೆ ಹತ್ತು ಸಲ.

"ಈಗ ನಾನು ಮಾಡಿ ತೋರಿಸ್ತೀನಿ, ನೋಡ್ತಾ ಇರಿ," ಅಂತ ಕೂತೆ. ಮೂವರೂ ಹಿಂದೆ ನಿಂತರು. ಪರದೆ ಕಪ್ಪಾಯಿತು. ಆಮೇಲೆ ಹಸಿರು ಬಂತು. ಎಂಥ ಹಸಿರು ಅದು! ಆಗತಾನೇ ನೀರು ಹಾಯಿಸಿದ ಭತ್ತದ ಮಡಿಯ ಹಾಗೆ. ಆ ಬಣ್ಣವನ್ನು ನಾನೇ ಆರಿಸಿದ್ದೆನೋ ಅದಾಗಿಯೇ ಬಂತೋ ನೆನಪಾಗಲಿಲ್ಲ. ಇಂಥ ಬಣ್ಣದ ಒಂದು ಸೀರೆ ನಮ್ಮ ಚಿಕ್ಕಮ್ಮನ ಹತ್ತಿರ ಇತ್ತು. ಅದನ್ನು ಉಟ್ಟು ಅವರು ನಡೆದು ಬಂದರೆ ಅಂಗಳಕ್ಕೆ ಬೆಳಕು ಬಂದಹಾಗಿರುತ್ತಿತ್ತು. ಆ ಸೀರೆ ಈಗ ಯಾರ ಹತ್ತಿರ ಇದೆಯೋ?

"ಮೇಡಂ," ಅಂದ ಡ್ರೈವರ್.

ಒತ್ತಿದೆ. ಪರದೆಯ ಮೇಲೆ ಹದಿನೇಳು ಸಾವಿರದ ಇನ್ನೂರ ನಲವತ್ತು ಅಂತ ಬಂತು.

"ನೀವು ಗಾಡಿ ಓಡಿಸ್ತೀರಾ ಮೇಡಂ?" ಅಂತ ಕೇಳಿದ.

"ಇಲ್ಲಪ್ಪ."

"ಒಳ್ಳೇದಾಯ್ತು," ಅಂದ.

ಕಾಯದೆ ಹೋದವನು

ಡ್ರೈವರ್ ತನ್ನ ಪ್ರೋಗ್ರಾಂ ಬರೆದು ಮುಗಿಸಿ ಕೂತ. ಮೊದಲ ಸಲ ನಾನೂರು ಬಂತು. ಎರಡನೆಯ ಸಲ ಇನ್ನೂರು. ಮೂರನೆಯ ಸಲ ಹನ್ನೊಂದು. ಅಲ್ಲಿಂದ ಮುಂದೆ ಏಳೂ ಸಲ ಸೊನ್ನೆ. ಅವನು ಪರದೆಯನ್ನು ನೋಡುತ್ತಲೂ ಇರಲಿಲ್ಲ. ಕಿಟಕಿಯಾಚೆ ಎಲ್ಲೋ ಕಣ್ಣು ನೆಟ್ಟು, ತುಟಿಯಲ್ಲಿ ಏನೋ ಗೊಣಗುತ್ತ, ಆಗಾಗ ಬೆರಳು ಇಳಿಸುತ್ತಿದ್ದ. ಮಂತ್ರ ಹೇಳಿಕೊಳ್ಳುತ್ತಿದ್ದಾನೇನೋ ಅಂದುಕೊಂಡೆ.

"ಏನಪ್ಪಾ ಮಾಡ್ತಾ ಇದ್ದೀಯಾ?"

"ಎಣಿಸ್ತಾ ಇದ್ದೀನಿ ಮೇಡಂ. ನಿಮ್ಮ ಕಪ್ಪು ಮೂರು ಸೆಕೆಂಡ್ ಇರುತ್ತೆ. ಪ್ರತಿಸಲನೂ ಮೂರೇ. ನಮ್ಮ ಸಿಗ್ನಲ್ ಥರಾನೇ."

ನನ್ನ ತಪ್ಪೇ ಅದು. ಎಷ್ಟು ಹೊತ್ತು ಕಾಯಬೇಕು ಎನ್ನುವಲ್ಲಿ ಮೂರು ಅಂತ ಬರೆಸಿ ಸುಮ್ಮನಾಗಿದ್ದೆ. ಅದನ್ನು ಎಣಿಸಿಕೊಂಡು ಅವನು ಹಸಿರಿಗೆ ಮುಂಚೆಯೇ ಒತ್ತುತ್ತಿದ್ದ. ಹಾಗೆ ಮುಂಚೆ ಒತ್ತಿದ್ದನ್ನು ಕಂಪ್ಯೂಟರು ಎಸೆಯುವುದಿಲ್ಲ. ಜೋಪಾನವಾಗಿ ಎತ್ತಿಟ್ಟುಕೊಂಡಿದ್ದು, ಹಸಿರು ಬಂದ ಕ್ಷಣ 'ಇಗೋ' ಅಂತ ಕೊಡುತ್ತದೆ. ಆಗ ಲೆಕ್ಕ ಸೊನ್ನೆ.

"ಹಸಿರು ಬಂದ ಮೇಲೆ ಒತ್ತಬೇಕಪ್ಪ. ಬರೋಕೆ ಮುಂಚೆ ಅಲ್ಲ," ಅಂದೆ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಸಿಗ್ನಲ್‌ನಲ್ಲಿ ಮೂರು ಅಂತ ಬಿದ್ದಾಗ ಗೇರ್ ಹಾಕ್ಬೇಕು, ಎರಡಕ್ಕೆ ಹೊರಡ್ಬೇಕು. ಹಸಿರಿಗೆ ಕಾಯ್ತಾ ನಿಂತ್ರೆ ಹಿಂದಿನೋರು ಕೆಟ್ಟ ಮಾತು ಬೈತಾರೆ ಮೇಡಂ. ನಾನು ಹಸಿರು ಬಣ್ಣ ನೋಡಿ ಎಷ್ಟೋ ವರ್ಷ ಆಯ್ತು."

ಮೋಟರು ಹಿಡಿಯುವ ತನಕ

ಓನರ್ ಒತ್ತುವ ರೀತಿಯೇ ಬೇರೆ. ಹಸಿರು ಬರುತ್ತಲೇ ಹೆಬ್ಬೆರಳನ್ನು ಒಂದು ಕೀ ಮೇಲೆ ಊರಿದವರು ತೆಗೆಯಲೇ ಇಲ್ಲ. ಅದುಮಿ ಹಿಡಿದೇ ಇದ್ದರು. ಪರದೆ ಕಪ್ಪಾಗುವುದು, ಹಸಿರಾಗುವುದು, ಮತ್ತೆ ಕಪ್ಪಾಗುವುದು. ಹತ್ತು ಸುತ್ತೂ ತಾವಾಗಿ ಓಡಿ ಮುಗಿದವು. ಅವರು ಮಾತ್ರ ತಲೆ ಓರೆ ಮಾಡಿ, ಕಿವಿ ಕೊಟ್ಟು, ಯಾವುದೋ ದೂರದ ಸದ್ದಿಗೆ ಕಾಯುತ್ತಿದ್ದರು.

"ಬಿಡಿ ಯಜಮಾನ್ರೇ, ಮುಗೀತು," ಅಂದೆ.

"ಇನ್ನಾ ಇಡೀಲಿಲ್ವಲ್ಲ."

"ಏನು ಹಿಡೀಲಿಲ್ಲ?"

ಅವರಿಗೇ ನಗು ಬಂತು. "ಮೋಟ್ರು ಕಣಮ್ಮೋ. ಅಸುರು ಬಟನ್ ಅಂದ್ರೆ ಸ್ಟಾರ್ಟ್ರು. ಅದನ್ನ ಅದುಮಿ ಇಡ್ಕಂಡಿರ್ಬೇಕು, ಪೈಪಲ್ಲಿ ನೀರು ಬಂದ ಸದ್ದು ಕೇಳೋಗಂಟ. ಬಿಟ್ರೆ ಟ್ರಿಪ್ ಆಯ್ತದೆ. ನಲವತ್ತು ವರ್ಸದಿಂದ ಇಂಗೇ ಅದುಮ್ತಾ ಇವ್ನಿ."

ಇದು ಬೇರೆ ಬಟನ್ನು, ಮುಟ್ಟಿ ಬಿಟ್ಟರೆ ಸಾಕು ಅಂತ ವಿವರಿಸುತ್ತಿದ್ದೆ. ಅಷ್ಟರಲ್ಲಿ ಕಿಟಕಿಯಾಚೆ ನೀರು ಸುರಿಯಲು ಶುರುವಾಯಿತು. ಆಕಾಶದಲ್ಲಿ ಒಂದು ಮೋಡ ಇಲ್ಲ. ಬಿಸಿಲು ಹಾಗೇ ಇದೆ. ಮೇಲಿನಿಂದ ನೀರಿನ ಪರದೆಯೊಂದು ಕಿಟಕಿಯ ಅಗಲಕ್ಕೂ ಇಳಿಯುತ್ತಿದೆ. ಅದರೊಳಗೆ ಬಿಸಿಲು ಸಿಕ್ಕಿಕೊಂಡು ತುಂಡು ತುಂಡು ಕಾಮನಬಿಲ್ಲು. ಆಚೆ ಮೆಟ್ರೋ ರೈಲು ಹೋಯಿತು; ಹೊಳೆಯೊಳಗೆ ಮೀನು ಹೋದಹಾಗೆ ಕಂಡಿತು. ನಾವು ನಾಲ್ವರೂ ಬಾಯಿ ತೆರೆದು ನೋಡುತ್ತಲೇ ಇದ್ದೆವು. ಎಷ್ಟು ಹೊತ್ತೋ ಗೊತ್ತಿಲ್ಲ. ನನಗಂತೂ ಯಾವುದೋ ಒಳ್ಳೆಯ ಸುದ್ದಿ ಬಂದಷ್ಟು ಸಂತೋಷವಾಗಿತ್ತು.

"ಅಯ್ಯೋ, ಟ್ಯಾಂಕು!" ಅಂತ ಕಡೆಗೆ ಓನರೇ ಎದ್ದರು. "ಊಟಕ್ ಮುಂಚೆ ಮೋಟ್ರು ಆಕ್ಬಿಟ್ಟು ಬಂದಿದ್ದೆ!" ಅಂತ ಕೂಗಿ ಮೆಟ್ಟಿಲಿಳಿದು ಓಡಿದರು.

ಡ್ರೈವರ್ ಅವರ ಬೆನ್ನಿಗೆ ಕೂಗಿದ: "ಯಜಮಾನ್ರೇ, ಈಗ ಹಿಡೀತು!"

ಎಲ್ಲರೂ ಮಲಗಿದ ದಿನ

ಡ್ರೈವರ್ ಎಣಿಸಿಬಿಡುತ್ತಾನೆಂದು ಪ್ರೋಗ್ರಾಮನ್ನು ತಿದ್ದಿದೆ. ಇನ್ನು ಮುಂದೆ ಕಪ್ಪು ಎಷ್ಟು ಹೊತ್ತು ಇರಬೇಕೆನ್ನುವುದನ್ನು ಕಂಪ್ಯೂಟರೇ ಮನಸ್ಸಿಗೆ ಬಂದಹಾಗೆ ತೀರ್ಮಾನಿಸಲಿ. ಒಂದು ಸೆಕೆಂಡಿನಿಂದ ಐದು ಸೆಕೆಂಡಿನೊಳಗೆ ಎಷ್ಟಾದರೂ ಆಗಲಿ. ಇಡೀ ವಾರ ಮಿಲಿಸೆಕೆಂಡು ಮಿಲಿಸೆಕೆಂಡು ಅಂತ ಜಪಿಸಿದ್ದರ ಫಲ, ಒಂದು ಮತ್ತು ಐದು ಎಂದು ಬರೆಯುವ ಕಡೆ ಸಾವಿರ ಮತ್ತು ಐದು ಸಾವಿರ ಅಂತ ಬರೆದೆ. ಕಂಪ್ಯೂಟರು ಅದನ್ನು ಸೆಕೆಂಡು ಎಂದೇ ಓದಿಕೊಂಡಿತು.

"ಎಲ್ಲರೂ ಕಣ್ಣು ಪರದೆ ಮೇಲೆ ಇಡಿ. ಹಸಿರು ಯಾವಾಗ ಬೇಕಾದ್ರೂ ಬರಬಹುದು. ಮುಟ್ಟಬೇಡಿ, ಮಾತಾಡಬೇಡಿ," ಅಂದೆ. ನಾನೂ ನಾಲ್ಕನೆಯ ಕಂಪ್ಯೂಟರಿನ ಮುಂದೆ ಕೂತೆ. ನಾಲ್ಕು ಪರದೆಗಳೂ ಕಪ್ಪಾದವು.

ಹಸಿರು ಬರಲಿಲ್ಲ. ಯಾರೂ ಕೇಳಲಿಲ್ಲ. ಇದೂ ಪಾಠದ ಒಂದು ಭಾಗ ಅಂದುಕೊಂಡರಂತೆ. ಫ್ಯಾನು ತಿರುಗುತ್ತಿತ್ತು. ಕಪ್ಪು ಪರದೆಯಲ್ಲಿ ನನ್ನದೇ ಮುಖ, ಅದರ ಹಿಂದೆ ಕಿಟಕಿ, ಕಿಟಕಿಯಲ್ಲಿ ಬಿಳಿ ಮೋಡ. ಆ ಮೋಡ ನನ್ನ ಕಿವಿಯೊಳಗೆ ಹೋಗಿ ಇನ್ನೊಂದು ಕಿವಿಯಿಂದ ಹೊರಗೆ ಬರುವುದನ್ನು ನೋಡಿದ್ದು ನೆನಪಿದೆ. ಬನ್ನಿನ ವಾಸನೆ ಬಂದದ್ದೂ ನೆನಪಿದೆ. ಓನರ್ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅದಕ್ಕೆ ಫ್ಯಾನಿನ ಕಿರುಗುಟ್ಟುವಿಕೆ ತಾಳ ಹಾಕುತ್ತಿತ್ತು. ಆಮೇಲೆ ನಾನು ಚಿಕ್ಕಮ್ಮನ ಅಂಗಳದಲ್ಲಿದ್ದೆ.

ಎಚ್ಚರವಾದಾಗ ಬಿಸಿಲು ಮೇಜಿನಿಂದ ಇಳಿದು ಗೋಡೆ ಹತ್ತಿತ್ತು. ಡ್ರೈವರ್ ಸ್ಟೀರಿಂಗ್ ಮೇಲೆ ಒರಗುವಂತೆ ಕೀಬೋರ್ಡಿನ ಮೇಲೆ ಒರಗಿದ್ದ. ಅಕ್ಕ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಬೆಳಗಿನ ಆರರಿಂದ ಎರಡರ ತನಕ ಪಾಳಿ ಮುಗಿಸಿ ಬಂದವರು ಅವರೊಬ್ಬರೇ. ಮಲಗದೆ ಇದ್ದವರೂ ಅವರೊಬ್ಬರೇ. ಅವರ ಪರದೆಯ ಮೇಲೆ ಒಂದು ಸಾವಿರದ ನೂರು ಎಂದಿತ್ತು. ಅವರ ಹಸಿರು ಬಂದು, ಅವರು ಒತ್ತಿ, ಆಗಲೇ ಕಾಲು ಗಂಟೆಯಾಗಿತ್ತಂತೆ. ತರಗತಿಯಲ್ಲಿ ಅವರು ಎಲ್ಲರಿಗಿಂತ ಮುಂದಿದ್ದದ್ದು ಅದೊಂದೇ ಸಲ.

"ನಮ್ಮನ್ನ ಎಬ್ಬಿಸಬಾರದಾ ಅಕ್ಕಾ?" ಅಂದೆ.

"ಮುಟ್ಟಬೇಡಿ, ಮಾತಾಡಬೇಡಿ ಅಂದಿದ್ರಲ್ಲ ಮೇಡಂ," ಅಂದರು.

ತಾನೇ ಆಫ್ ಆಗುವ ಕಂಪ್ಯೂಟರು

ಸಾವಿರದ ನೂರು. ಅದೇ ನಮ್ಮೆಲ್ಲರ ಚಿಂತೆಯಾಗಿತ್ತು. ಅಕ್ಕನ ಸಂಖ್ಯೆ ಒಂದು ಸಾವಿರದಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಓನರ್ ಕೂಡ ಕೀ ಬಿಡುವುದನ್ನು ಕಲಿತು ಐನೂರಕ್ಕೆ ಬಂದಿದ್ದರು. ಪರೀಕ್ಷೆಗೆ ಉಳಿದದ್ದು ಮೂರು ವಾರ. ಅಕ್ಕ ಒಂದು ದಿನವೂ ತಪ್ಪಿಸಿದವರಲ್ಲ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಬರುತ್ತಿದ್ದರು. ಆ ಸದ್ದು ಕೇಳಿದಾಗೆಲ್ಲ ಈ ಕುರ್ಚಿ ಇವರಿಗೇ ಸಿಗಲಿ ಅಂತ ನನಗೆ ಹೊಟ್ಟೆಯೊಳಗಿಂದ ಅನ್ನಿಸುತ್ತಿತ್ತು.

ಅದರ ಮೇಲೆ ಅವರ ಕಂಪ್ಯೂಟರಿಗೆ ಬೇರೆ ಕಾಯಿಲೆ. ಎರಡನೆಯ ಸುತ್ತಿನ ಹೊತ್ತಿಗೆ ಆಫ್ ಆಗಿಬಿಡುತ್ತಿತ್ತು. ವೈರು ಬದಲಾಯಿಸಿದೆ. ಅವರನ್ನು ಬೇರೆ ಕಂಪ್ಯೂಟರಿಗೆ ಕೂರಿಸಿದೆ. ಅದೂ ಆಫ್ ಆಯಿತು. ಓನರ್ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವನು ಅರ್ಧ ದಿನ ಗೋಡೆ ತಟ್ಟಿ ನೋಡಿ, ಈ ಮೇಡಂ ಕೂತ ಕಡೆ ಅರ್ಥಿಂಗ್ ಸರಿಯಿಲ್ಲ ಅಂದುಬಿಟ್ಟ.

ಒಂದು ದಿನ ಪರದೆ ನೋಡುವುದನ್ನು ಬಿಟ್ಟು ಅವರ ಪಕ್ಕದಲ್ಲಿ ಕೂತು ಕೈ ನೋಡಿದೆ. ಮೂರು ವಾರದಲ್ಲಿ ಅದೇ ಮೊದಲು.

ಹಸಿರು ಬಂತು. ಅಕ್ಕ ಎಡಗೈ ನೋಡಿದರು. ಬಲಗೈ ನೋಡಿದರು. ಆಮೇಲೆ ಎರಡೂ ಕೈಯಿಂದ, ಕೀಬೋರ್ಡಿನ ಎಡತುದಿಯಲ್ಲೊಂದು ಬಲತುದಿಯಲ್ಲೊಂದು ಕೀಯನ್ನು ಒಟ್ಟಿಗೆ ಒತ್ತಿದರು.

"ಎರಡು ಕೈ ಯಾಕೆ ಅಕ್ಕಾ?"

"ಒಂದೇ ಕೈಲಿ ಒತ್ತಿದ್ರೆ ಪ್ರೆಸ್ ಬೀಳಲ್ವಲ್ಲ ಮೇಡಂ. ಆ ಕಡೆ ಒಂದು ಬಟನ್, ಈ ಕಡೆ ಒಂದು. ಎರಡೂ ಕೈ ಆಚೆ ಇದ್ರೇನೇ ಬೀಳೋದು. ಇಲ್ದಿದ್ರೆ ಒಂದು ಕೈ ಒಳಗೆ ಇರುತ್ತೆ, ಇನ್ನೊಂದು ಕೈ ಬಟನ್ ಒತ್ತುತ್ತೆ."

ಎರಡು ಕೀ ಒತ್ತಿದರೆ ನನ್ನ ಪ್ರೋಗ್ರಾಂ ಒಂದನ್ನು ಈ ಸುತ್ತಿಗೆ ಬಳಸಿ, ಇನ್ನೊಂದನ್ನು ಎತ್ತಿಟ್ಟುಕೊಳ್ಳುತ್ತಿತ್ತು. ಮುಂದಿನ ಸುತ್ತಿನಲ್ಲಿ ಹಸಿರು ಬಂದ ಕ್ಷಣ ಅದನ್ನು ಕೊಟ್ಟು, ಸೊನ್ನೆ ಅಂತ ತೋರಿಸಿ ಮುಂದಕ್ಕೆ ಹೋಗುತ್ತಿತ್ತು. ಈಗಲೂ ಹಾಗೇ ಆಯಿತು. ಹಸಿರು ಹೀಗೆ ಬಂದು ಹಾಗೆ ಮಾಯವಾಯಿತು. ಅಕ್ಕ ಎರಡೂ ಕೈ ಮೇಲೆತ್ತಿದರು. ಅವರ ಮುಖ ಬಿಳಿಚಿತು. ಎದ್ದು ಗೋಡೆಯ ಸ್ವಿಚ್ ಆಫ್ ಮಾಡಿದರು.

"ಅಯ್ಯೋ, ಯಾಕಕ್ಕಾ?"

"ನಾನು ಮುಟ್ಟೇ ಇಲ್ಲ ಮೇಡಂ, ತಾನೇ ಬಿತ್ತು. ಹಂಗೆ ತಾನಾಗೇ ಬೀಳೋ ಮೆಷಿನ್ನ ಆನ್‌ನಲ್ಲಿ ಬಿಡಬಾರ್ದು. ದಿನಾ ಹಿಂಗೇ ಮಾಡುತ್ತೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ." ಆಮೇಲೆ ನನ್ನ ಭುಜ ತಟ್ಟಿ ಸಮಾಧಾನ ಮಾಡಿದರು. "ಹೆದರಬೇಡಿ. ಈಗ ಯಾರು ಬೇಕಾದ್ರೂ ಕೈ ಹಾಕ್ಬಹುದು."

ಎಡಗೈಗೊಂದು ಕೆಲಸ

ಪರೀಕ್ಷೆಯಲ್ಲಿ ಒಂದೇ ಕೀ, ಒಂದೇ ಕೈ. ಅಂದರೆ ಎಡಗೈಯನ್ನು ಸುಮ್ಮನಿರಿಸಬೇಕು. ಅದು ಸುಮ್ಮನಿರಲು ಒಪ್ಪಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡರೆ ಎದ್ದು ಬರುತ್ತಿತ್ತು. ಸೆರಗಿನೊಳಗೆ ಸುತ್ತಿಟ್ಟರೆ ಸೆರಗಿನ ಸಮೇತ ಬರುತ್ತಿತ್ತು. ಅದಕ್ಕೆ ಏನಾದರೂ ಕೆಲಸ ಕೊಡಬೇಕು ಎಂದು ಓನರ್ ಕೆಳಗಿನಿಂದ ಒಂದು ಬಿಸಿ ಬನ್ನು ತರಿಸಿ ಕೈಗೆ ಕೊಟ್ಟರು. "ಇದನ್ನ ಇಡ್ಕೊಂಡಿರಮ್ಮ. ತಿನ್ನೋದನ್ನ ಯಾರೂ ಕೆಳಗೆ ಬಿಡಕಿಲ್ಲ."

ಉಪಾಯ ಫಲಿಸಿತು. ಎಡಗೈ ಕೀಬೋರ್ಡಿಗೆ ಬರಲಿಲ್ಲ. ಸಂಖ್ಯೆ ಎಂಟುನೂರಕ್ಕೆ ಇಳಿಯಿತು. ಆದರೆ ಬಲಗೈ ಕೀ ಒತ್ತಿದಾಗೆಲ್ಲ ಎಡಗೈ ಬನ್ನನ್ನು ಒತ್ತುತ್ತಿತ್ತು. ಹತ್ತು ಸುತ್ತು ಮುಗಿಯುವ ಹೊತ್ತಿಗೆ ಅದು ಚಪಾತಿಯಾಗಿರುತ್ತಿತ್ತು. ಆ ವಾರವೆಲ್ಲ ನಾವು ಅಂಥ ಬನ್ನನ್ನೇ ತಿಂದೆವು.

ಎಂಟುನೂರೂ ಸಾಲದು. ಪ್ರತಿಸಲವೂ ಅವರು ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡ ಮೇಲೆಯೇ ಒತ್ತುವುದು.

"ಕೈ ನೋಡ್ಬೇಡಿ ಅಕ್ಕಾ. ಪರದೆ ಮಾತ್ರ ನೋಡಿ. ಕೈ ಎಲ್ಲಿಗ್ ಹೋಗುತ್ತೆ?" ಅಂದ ಡ್ರೈವರ್.

ಅಕ್ಕ ಎರಡೂ ಅಂಗೈಯನ್ನು ಮೇಜಿನ ಮೇಲೆ ಅಗಲಿಸಿ ಇಟ್ಟರು. "ಹೋಗುತ್ತೆ ಕಣಪ್ಪ," ಅಂದರು. "ನಾನು ಸೇರಿದಾಗ ನಮ್ಮ ಸಾಲಲ್ಲಿ ಐದು ಜನ ಇದ್ವಿ. ಆಗ ಎರಡು ಬಟನ್ ಇರ್ಲಿಲ್ಲ, ಕಾಲಲ್ಲಿ ತುಳಿದ್ರೆ ಬೀಳೋದು. ಇವತ್ತು ಹತ್ತೂ ಬೆರಳು ಇರೋದು ನನಗೊಬ್ಬಳಿಗೇ. ನೋಡಿದ್ದಕ್ಕೇ ಇವೆ."

ನನಗೆ ನಾಚಿಕೆಯಾಯಿತು. ಇಷ್ಟು ವಾರದಿಂದ ನಾನು ಅವರ ನಿಧಾನವನ್ನು ಅಳೆಯುತ್ತಿದ್ದೆ. ಆ ನಿಧಾನದಲ್ಲಿ ಏನಿದೆ ಎಂದು ಕೇಳಿರಲೇ ಇಲ್ಲ. ಹಸಿರು ಕಂಡದ್ದಕ್ಕೂ ಬೆರಳು ಇಳಿಯುವುದಕ್ಕೂ ನಡುವಿನ ಆ ಸಣ್ಣ ಸಂದಿಯಲ್ಲಿ ನಾನು ಚಿಕ್ಕಮ್ಮನ ಸೀರೆಯ ಹಿಂದೆ ಹೋಗುತ್ತೇನೆ. ಅಕ್ಕ ತಮ್ಮ ಹತ್ತು ಬೆರಳುಗಳನ್ನು ಮನೆಗೆ ಕರೆತರುತ್ತಾರೆ. ಅವತ್ತು ಕಂಪ್ಯೂಟರ್ ಆಫ್ ಮಾಡಿ, ಎಲ್ಲರೂ ಕಿಟಕಿಯ ಹತ್ತಿರ ಕೂತು ಬಿಸಿ ಬನ್ನು ತಿನ್ನುತ್ತ ರೈಲು ನೋಡಿದೆವು. ಒಂದೂ ಚಪ್ಪಟೆಯಾಗದ ಬನ್ನು.

ಹೋಗುವಾಗ ಡ್ರೈವರ್ ಗಾಡಿಯ ಬಾಗಿಲು ಹಾಕುವ ಮುಂಚೆ ತನ್ನ ಕೈ ಎರಡನ್ನೂ ಒಮ್ಮೆ ನೋಡಿಕೊಂಡದ್ದನ್ನು ಕಿಟಕಿಯಿಂದ ನಾನು ಕಂಡೆ. ನಾನು ನೋಡಿದೆನೆಂದು ಗೊತ್ತಾಗಿ, ವಾಚು ನೋಡಿಕೊಂಡವನ ಹಾಗೆ ನಟಿಸಿದ. ಅವನು ವಾಚು ಕಟ್ಟುವುದಿಲ್ಲ.

ಸಾಹೇಬರ ಕೈ

ಪರೀಕ್ಷೆ ಒಂದು ಶನಿವಾರ ಬೆಳಿಗ್ಗೆ. ಆಮೇಲೆ ಎಂಟು ಹತ್ತು ದಿನ ಅಕ್ಕ ಬರಲಿಲ್ಲ, ಫೋನೂ ಎತ್ತಲಿಲ್ಲ. ನಾವು ಮೂವರೂ ಮೂರು ಗಂಟೆಗೆ ಬಂದು ಮುಖ ಮುಖ ನೋಡಿಕೊಂಡು ಕೂರುತ್ತಿದ್ದೆವು. ಯಾರಿಗೂ ಪ್ರೋಗ್ರಾಂ ಮೇಲೆ ಮನಸ್ಸಿಲ್ಲ. ಮೆಟ್ಟಿಲಲ್ಲಿ ಸದ್ದಾದರೆ ಓನರ್ ತಲೆ ಎತ್ತುತ್ತಿದ್ದರು. ಸಿಗಲಿಲ್ಲವೇನೋ, ಅದಕ್ಕೇ ಬರಲು ಸಂಕೋಚವೇನೋ ಅಂತ ನಾನು ಒಳಗೊಳಗೇ ಕುಗ್ಗಿದ್ದೆ.

ಒಂದು ಬುಧವಾರ ಮಧ್ಯಾಹ್ನ ಬಂದರು. ಕಂಬಿ ಹಿಡಿದು, ನಿಧಾನವಾಗಿ. ಫಲಿತಾಂಶ ಬರುವ ತನಕ ಏನು ಹೇಳುವುದು ಅಂತ ಫೋನ್ ಎತ್ತಿರಲಿಲ್ಲವಂತೆ. ಕೂತು, ನೀರು ಕುಡಿದು, ನಡೆದದ್ದನ್ನು ಹೇಳಿದರು.

ಇಬ್ಬರು ಹುಡುಗರ ಸರದಿ ಮೊದಲು. ಟಕಟಕ ಅಂತ ಹೊಡೆದು ಹೊರಗೆ ಬಂದರಂತೆ. ಆಮೇಲೆ ಅಕ್ಕ. ಪರೀಕ್ಷೆ ಮಾಡುವ ಸಾಹೇಬರು ಪಕ್ಕದಲ್ಲಿ ನಿಂತು, ಬಗ್ಗಿ, ಕೀಬೋರ್ಡಿನ ಅಂಚಿಗೆ ಕೈ ಊರಿಕೊಂಡು ಪರದೆ ನೋಡುತ್ತಿದ್ದರು. ಮೊದಲ ಚಿತ್ರ ಒಳ್ಳೆಯ ಪೀಸು. ಎರಡನೆಯದೂ ಒಳ್ಳೆಯದು. ಮೂರನೆಯದರ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಕ್ಕನಿಗೆ ಕೂಡಲೇ ಕಂಡಿತು. ತಮ್ಮ ಎರಡು ಕೈ ನೋಡಿಕೊಂಡರು. ಸಾಹೇಬರ ಕೈಯನ್ನೂ ನೋಡಿದರು. ಒತ್ತಲಿಲ್ಲ.

"ಒತ್ತಮ್ಮ, ಟೈಮ್ ಓಡ್ತಾ ಇದೆ," ಅಂದರಂತೆ ಸಾಹೇಬರು.

"ಕೈ ತೆಗೀರಿ ಸಾರ್."

"ಏನು?"

"ನಿಮ್ಮ ಕೈ ಒಳಗಿದೆ ಸಾರ್. ತೆಗೀರಿ."

"ಅಯ್ಯೋ, ಇದು ಕಂಪ್ಯೂಟರ್ ಕಣಮ್ಮ, ಏನೂ ಆಗಲ್ಲ."

"ಹಂಗಂದೋರನ್ನ ನಾನೇ ಆಸ್ಪತ್ರೆಗೆ ಕರ್ಕೊಂಡ್ಹೋಗಿದೀನಿ ಸಾರ್."

ಸಾಹೇಬರು ಕೈ ತೆಗೆದರಂತೆ. ಒಂದನ್ನಲ್ಲ, ಎರಡನ್ನೂ ತೆಗೆದು, ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಪರೀಕ್ಷೆ ಮುಗಿಯುವ ತನಕ ಹಾಗೇ ನಿಂತಿದ್ದರಂತೆ. ಆ ಮೂರನೆಯ ಪೀಸಿಗೆ ಅಕ್ಕ ತೆಗೆದುಕೊಂಡ ಸಮಯ ನಲವತ್ತೊಂದು ಸಾವಿರ ಮಿಲಿಸೆಕೆಂಡು.

"ಅಯ್ಯೋ ದೇವ್ರೇ," ಅಂದ ಡ್ರೈವರ್, ತಲೆ ಮೇಲೆ ಕೈ ಹೊತ್ತು. ನನಗೂ ಕಣ್ಣು ತುಂಬಿ ಬಂತು.

"ಇರಪ್ಪ, ಕೇಳು," ಅಂದರು ಅಕ್ಕ. ಆ ಹುಡುಗರು ಬೇಗ ಒತ್ತಿದ್ದರು ನಿಜ. ಒಳ್ಳೆಯ ಪೀಸಿಗೂ ಒತ್ತಿದ್ದರು, ಬಿರುಕಿನ ಪೀಸು ಹಾಗೇ ದಾಟಿ ಹೋಗಲು ಬಿಟ್ಟಿದ್ದರು. ಅಕ್ಕನದು ಮೊದಲಿನಿಂದ ಕೊನೆಯ ತನಕ ಒಂದೂ ತಪ್ಪಿರಲಿಲ್ಲ. ನಲವತ್ತೊಂದು ಸಾವಿರದ ಆ ಪೀಸನ್ನು ಏನು ಮಾಡುವುದು ಎಂದು ಉಳಿದ ಅಧಿಕಾರಿಗಳು ಕೇಳಿದಾಗ, "ಅದು ನಾನು ತಗೊಂಡ ಟೈಮು, ಅವರದಲ್ಲ," ಅಂತ ಸಾಹೇಬರೇ ಹೊಡೆದು ಹಾಕಿದರಂತೆ.

"ಅಂದ್ರೆ?" ಅಂತ ನಾವು ಮೂವರೂ ಒಟ್ಟಿಗೆ ಕೇಳಿದೆವು.

"ಸೋಮವಾರದಿಂದ ಕೂತಿದೀನಿ. ಕೂತು ಕೂತು ಅಭ್ಯಾಸ ಇಲ್ವಲ್ಲ, ಸೊಂಟ ನೋವು," ಅಂದರು ಅಕ್ಕ. ಹೇಳುವಾಗ ಅವರ ಮುಖ ನೋಡಬೇಕಿತ್ತು. ಓನರ್ ಸೀದಾ ಮೆಟ್ಟಿಲ ಹತ್ತಿರ ಹೋಗಿ ಬೇಕರಿಯವನಿಗೆ ಇಡೀ ತಟ್ಟೆ ಬನ್ನು ಮೇಲೆ ತರುವಂತೆ ಕೂಗಿದರು.

"ಇನ್ನೊಂದು ಆಯ್ತು ಮೇಡಂ," ಅಂದರು ಅಕ್ಕ. ನಿನ್ನೆ ಸಾಹೇಬರು ಹೊರಗಿನಿಂದ ಬಂದ ದೊಡ್ಡ ದೊಡ್ಡವರನ್ನು ತಪಾಸಣೆ ಕೋಣೆ ತೋರಿಸಲು ಕರೆತಂದರಂತೆ. ಎಲ್ಲರೂ ಟೈ ಕಟ್ಟಿದವರು. ಅಕ್ಕನ ಮೇಜಿನ ಸುತ್ತ ನಿಂತು, ಬಗ್ಗಿ ನೋಡಿದರು. ಪರದೆಯ ಮೇಲೆ ಒಂದು ಕೆಟ್ಟ ಪೀಸು ಬಂತು. ಒತ್ತುವ ಮುಂಚೆ ಅಕ್ಕ ಅಭ್ಯಾಸದಂತೆ ತಲೆ ಎತ್ತಿ ಸುತ್ತ ಒಮ್ಮೆ ನೋಡಿದರು. ಅಷ್ಟೇ. ಸಾಹೇಬರು ಎರಡೂ ಕೈ ತಲೆಯ ಮೇಲಕ್ಕೆ ಎತ್ತಿದರು. ಏನು ಎತ್ತ ಅಂತ ತಿಳಿಯದಿದ್ದರೂ ಬಂದ ದೊಡ್ಡವರೂ ಒಬ್ಬೊಬ್ಬರಾಗಿ ಎರಡೆರಡು ಕೈ ಎತ್ತಿ ನಿಂತರಂತೆ.

ನಕ್ಕು ನಕ್ಕು ಓನರಿಗೆ ಕೆಮ್ಮು ಹತ್ತಿತು. ನನ್ನೊಳಗಿನ ಮೇಷ್ಟ್ರುಗಿರಿ ಸುಮ್ಮನಿರುತ್ತದೆಯೇ? ಕಣ್ಣೊರೆಸಿಕೊಂಡು ಕೇಳಿದೆ: "ನೀವು ತಲೆ ಎತ್ತಿದ್ದಕ್ಕೂ ಅವರು ಕೈ ಎತ್ತಿದ್ದಕ್ಕೂ ಎಷ್ಟು ಮಿಲಿಸೆಕೆಂಡ್ ಆಗಿರಬಹುದು ಅಕ್ಕಾ?"

"ಅದನ್ನ ನೋಡ್ಲಿಲ್ಲ ಮೇಡಂ," ಅಂದರು ಅಕ್ಕ. "ನಾನು ಕೈ ಎಣಿಸ್ತಾ ಇದ್ದೆ. ಏಳು ಜನ. ಹದಿನಾಲ್ಕೂ ಇದ್ವು. ಆಮೇಲೆ ಒತ್ತಿದೆ."